ತಾತನ ಹಾಡೋ, ಮೊಬೈಲಿನ ಹಾಡೋ?

ಈ ವಾರದ ಅಂಕಣಕ್ಕೆ ವಿಷಯ ಕೊಟ್ಟವಳು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಒಬ್ಬ ಹುಡುಗಿ. ಒಂಬತ್ತನೇ ತರಗತಿಯಲ್ಲಿ ಓದುತ್ತಾಳೆ. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಚರ್ಚಿನ ಹಾಡಿನ ಗುಂಪಿನಲ್ಲಿ ಇಂಗ್ಲಿಷ್. ನೋಟ್‌ಬುಕ್ಕಿನ ಎರಡು ಹಾಳೆ ತುಂಬ ಬರೆದು ಕಳಿಸಿದ್ದಾಳೆ. ಅವಳ ಕಷ್ಟ ಇಷ್ಟು.

ಕ್ರಿಸ್‌ಮಸ್ ಹತ್ತಿರ ಬಂದಿದೆ. ಮನೆ ಮನೆಗೆ ಹೋಗಿ ಕ್ಯಾರಲ್ ಹಾಡುವ ತಯಾರಿ ನಡೆದಿದೆ. ಅವಳ ಗುಂಪಿನಲ್ಲಿ ಹದಿನಾಲ್ಕು ಜನ. ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ತಾತನೇ ಹಾಡಿಸುವವರು. ‘ಸೈಲೆಂಟ್ ನೈಟ್’ ಹಾಡನ್ನು ಹಳೇ ಪುಸ್ತಕದಲ್ಲಿರುವ ಹಾಗೆ ನಾಲ್ಕು ಪಾರ್ಟಿನಲ್ಲೇ ಹಾಡಬೇಕು ಅನ್ನುವುದು ಅವರ ಹಟ. ಆದರೆ ಕೆಳಗಿನ ಪಾರ್ಟು, ಅಂದರೆ ಬೇಸ್, ಹಾಡುವ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ರಾತ್ರಿ. ಪ್ರ್ಯಾಕ್ಟೀಸಿಗೆ ಸಿಗುವವರು ತಾತ ಒಬ್ಬರೇ. ಬಂಗಾರಪೇಟೆಯಲ್ಲಿರುವ ದೊಡ್ಡಪ್ಪನ ಮಕ್ಕಳದು ಬೇರೆಯೇ ದಾರಿ. ಅವರು ಮೊಬೈಲಿನಲ್ಲಿ ಕೇಳಿದ ಅಮೆರಿಕದ ಒಂದು ಗುಂಪಿನ ಹಾಡಿಕೆಯನ್ನು ಹಾಗೇ ಕಲಿತು, ಸ್ಪೀಕರ್ ಹಾಕಿಕೊಂಡು ಹಾಡುತ್ತಾರಂತೆ. ‘ಅದು ಎಷ್ಟು ಚೆನ್ನಾಗಿದೆ ಅಂಕಲ್! ಆದರೆ ತಾತ ಅದು ಆ ಹಾಡೇ ಅಲ್ಲ ಅಂತಾರೆ. ಹಾಗಾದರೆ ಸರಿಯಾದ ಸೈಲೆಂಟ್ ನೈಟ್ ಯಾವುದು?’ ಇದು ಅವಳ ಪ್ರಶ್ನೆ.

ಇದು ಆ ಹುಡುಗಿಯೊಬ್ಬಳ ಪ್ರಶ್ನೆಯಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಭಾವಗೀತೆ ಕಲಿಯುವಾಗ, ಭಜನೆಗೆ ಕೂತಾಗ, ಮದುವೆ ಮನೆಯಲ್ಲಿ ಸೋಬಾನೆ ಶುರುವಾದಾಗ ಎಲ್ಲ ಮನೆಗಳಲ್ಲೂ ಏಳುವ ಜಗಳ ಇದು. ಅದಕ್ಕೇ ಈ ಒಂದು ಹಾಡನ್ನು ಹಿಡಿದು, ಬೇರೆ ಬೇರೆ ಗುಂಪುಗಳು ಅದನ್ನು ಏನು ಮಾಡಿವೆ ಎಂದು ನೋಡೋಣ. ಮಕ್ಕಳೇ, ದೊಡ್ಡವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಚಿನ್ನದ ಗಣಿಗೆ ಹಾಡು ಹೇಗೆ ಬಂತು?

ಮೊದಲು ಊರಿನ ಮಾತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕೈಹಾಕಿತು. ಬಂಡೆ ಕೊರೆಯುವುದು ಗೊತ್ತಿದ್ದ ಗಣಿಗಾರರನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಕರೆಸಿದರು. ತಮಿಳು, ತೆಲುಗು ನಾಡುಗಳಿಂದ ಸಾವಿರಾರು ಕುಟುಂಬಗಳು ಬಂದು ಸಾಲು ಮನೆಗಳ ‘ಲೈನು’ಗಳಲ್ಲಿ ನೆಲೆಸಿದವು. ಆಂಗ್ಲೋ ಇಂಡಿಯನ್ನರು ಬಂದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು.

ಈ ಕಾರ್ನ್‌ವಾಲಿನವರ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಗಣಿ ಕೆಲಸದಷ್ಟೇ ಅವರಿಗೆ ಗುಂಪು ಹಾಡಿನ ಹುಚ್ಚು. ಅಲ್ಲಿನ ಇಲ್ಲೋಗನ್ ಎಂಬ ಊರಿನ ಥಾಮಸ್ ಮೆರಿಟ್ ಬರೆದ ಕ್ಯಾರಲ್‌ಗಳನ್ನು ಗಣಿಗಾರರು ದಕ್ಷಿಣ ಆಸ್ಟ್ರೇಲಿಯಕ್ಕೂ ಕ್ಯಾಲಿಫೋರ್ನಿಯದ ಗ್ರಾಸ್ ವ್ಯಾಲಿ ಎಂಬ ಚಿನ್ನದ ಊರಿಗೂ ಹೊತ್ತುಕೊಂಡು ಹೋದರು. ದಿನವಿಡೀ ಭೂಮಿಯೊಳಗೆ ದೂಳು ಕುಡಿದವರು ಸಂಜೆ ಸೇರಿ ನಾಲ್ಕು ದನಿಯಲ್ಲಿ ಹಾಡುತ್ತಿದ್ದರು. ನಮ್ಮ ಹುಡುಗಿಯ ತಾತ ನಾಲ್ಕು ಪಾರ್ಟಿಗೆ ಹಟ ಹಿಡಿಯುವುದನ್ನು ಮುದುಕರ ಮೊಂಡುತನ ಎಂದು ತಳ್ಳಿಹಾಕಬಾರದು. ಗಣಿಯ ಕೆಲಸವನ್ನು ಒಬ್ಬನೇ ಮಾಡಲಾಗದು. ನಾಲ್ಕು ಪಾರ್ಟಿನ ಹಾಡೂ ಹಾಗೆಯೇ. ಪಕ್ಕದವನನ್ನು ನಂಬಿ ನಿಲ್ಲಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರು ಅಲ್ಲೇ ಉಳಿಯಿತು, ಕೆಲಸ ಮಾತ್ರ ಬೆಂಗಳೂರಿನ ಕಡೆ ಹೋಯಿತು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಹತ್ತಿ ಬಂಗಾರಪೇಟೆ ದಾಟಿ ಹೋಗುವ ರೈಲೇ ಈಗ ಊರಿನ ಗಡಿಯಾರ. ಹಾಡಿನ ಗುಂಪಿನಲ್ಲಿ ಬೇಸ್ ಇಲ್ಲ ಎನ್ನುವುದು ಬರೀ ಸಂಗೀತದ ತೊಂದರೆಯಲ್ಲ. ಆ ರೈಲಿನಲ್ಲಿ ನಿಂತುಕೊಂಡು ಹೋಗುವವರ ಕಥೆ ಅದು.

ಹಾಡು ಹುಟ್ಟಿದ್ದು ಇಂಥದ್ದೇ ಊರಿನಲ್ಲಿ

ಇನ್ನು ಹಾಡಿನ ಊರಿಗೆ ಹೋಗೋಣ. ಆಸ್ಟ್ರಿಯ ದೇಶದ ಸಾಲ್ಸ್‌ಬುರ್ಗ್ ನಗರದ ಹತ್ತಿರ, ಸಾಲ್ಸಾಕ್ ನದಿಯ ದಡದಲ್ಲಿ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರು. ಅಲ್ಲಿಯವರ ಬದುಕು ಉಪ್ಪಿನಿಂದ. ಗಣಿಯ ಉಪ್ಪನ್ನು ದೋಣಿಗಳಲ್ಲಿ ಸಾಗಿಸುವುದು ಅವರ ಕಸುಬು. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ, 1816ರಲ್ಲಿ, ರಾಜರು ಕೂತು ನಕ್ಷೆಯ ಮೇಲೆ ಗೆರೆ ಎಳೆದರು. ನದಿಯೇ ಗಡಿಯಾಯಿತು. ಒಂದೇ ಊರಾಗಿದ್ದದ್ದು ಎರಡಾಗಿ, ಆಚೆ ದಡದ ಲೌಫೆನ್ ಬವೇರಿಯಕ್ಕೆ, ಈಚೆಯ ಓಬರ್ನ್‌ಡಾರ್ಫ್ ಆಸ್ಟ್ರಿಯಕ್ಕೆ ಸೇರಿದವು. ದೋಣಿಯವರ ಕೆಲಸಕ್ಕೆ ಪೆಟ್ಟು ಬಿತ್ತು. ಅದೇ ವರ್ಷ ಬೇಸಿಗೆಯೂ ಸರಿಯಾಗಿ ಬರಲಿಲ್ಲ. ಹಿಂದಿನ ವರ್ಷ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರಿಂದ ಎದ್ದದ್ದು ಆಕಾಶದಲ್ಲಿ ಹರಡಿ ಬಿಸಿಲನ್ನು ತಡೆದಿತ್ತು. ಯೂರೋಪಿನಲ್ಲಿ ಬೆಳೆ ಕೈಕೊಟ್ಟು ಹಸಿವು ಹರಡಿತು.

ಆ ವರ್ಷವೇ ಯೋಸೆಫ್ ಮೋರ್ ಎಂಬ ತರುಣ ಪಾದ್ರಿ ಆರು ಪದ್ಯಗಳ ಒಂದು ಕವಿತೆ ಬರೆದ. ಎರಡು ವರ್ಷ ಅದು ಹಾಗೇ ಇತ್ತು. 1818ರ ಡಿಸೆಂಬರ್ 24ರಂದು, ಅಷ್ಟು ಹೊತ್ತಿಗೆ ಓಬರ್ನ್‌ಡಾರ್ಫಿನ ಚರ್ಚಿಗೆ ಬಂದಿದ್ದ ಮೋರ್, ಪಕ್ಕದ ಊರಿನ ಶಾಲಾ ಮೇಷ್ಟ್ರು ಫ್ರಾನ್ಸ್ ಕ್ಸೇವರ್ ಗ್ರೂಬರ್‌ಗೆ ಕವಿತೆ ಕೊಟ್ಟು ರಾಗ ಹಾಕಲು ಕೇಳಿದ. ಎರಡು ಕಂಠಕ್ಕೆ, ಒಂದು ಗಿಟಾರಿಗೆ ಹೊಂದುವಂತೆ ಇರಲಿ ಎಂದ. ಅವತ್ತು ರಾತ್ರಿಯೇ ಹಾಡಿದರು. ಮೋರ್ ಗಿಟಾರ್ ಮೀಟುತ್ತ ಮೇಲಿನ ದನಿಯಲ್ಲಿ, ಗ್ರೂಬರ್ ಕೆಳಗಿನ ದನಿಯಲ್ಲಿ. ಚರ್ಚಿನ ಗುಂಪಿನ ಪಾಲಿಗೆ ಬಂದದ್ದು ಪ್ರತಿ ಪದ್ಯದ ಕೊನೆಯ ಸಾಲನ್ನು ಮತ್ತೆ ಹಾಡುವುದಷ್ಟೇ.

ಚರ್ಚಿನ ಆರ್ಗನ್ ಪೆಟ್ಟಿಗೆಯನ್ನು ಇಲಿ ಕಡಿದಿತ್ತು, ಅದಕ್ಕೇ ಗಿಟಾರ್ ಬಂತು ಎಂದು ಮಕ್ಕಳ ಪುಸ್ತಕಗಳಲ್ಲಿ ಓದಿರುತ್ತೀರಿ. ಅದು ಆಮೇಲೆ ಹುಟ್ಟಿಕೊಂಡ ಕಥೆ. ಇಲಿ ಇತ್ತೋ ಇಲ್ಲವೋ, ಗಿಟಾರ್ ಮಾತ್ರ ನಿಜ. ಇಬ್ಬರು ಗಂಡಸರು, ಆರು ತಂತಿ, ಕೊನೆಯ ಸಾಲಿಗೆ ದನಿಗೂಡಿಸಿದ ಊರಿನವರು. ಹಾಡಿನ ಮೊದಲ ಹಾಡಿಕೆ ಎಂದರೆ ಇಷ್ಟೇ. ನಾಲ್ಕು ಪಾರ್ಟಿನ ಪುಸ್ತಕ ಬಂದದ್ದು ಆಮೇಲೆ.

ಕೈಚೀಲ ಮಾರುವವರ ಜೊತೆ ಪ್ರಯಾಣ

ಆ ಹಾಡು ಊರು ಬಿಟ್ಟಿದ್ದು ಇನ್ನೂ ಸ್ವಾರಸ್ಯ. ಟಿರೋಲ್ ಪ್ರಾಂತ್ಯದ ತ್ಸಿಲ್ಲರ್ ಕಣಿವೆಯಿಂದ ಬಂದಿದ್ದ ಕಾರ್ಲ್ ಮೌರಾಕರ್ ಎಂಬ ಆರ್ಗನ್ ರಿಪೇರಿಯವ ಹಾಡನ್ನು ತನ್ನ ಊರಿಗೆ ಒಯ್ದ. ಅಲ್ಲಿ ಸ್ಟ್ರಾಸರ್ ಎಂಬ ಕುಟುಂಬ ಕೈಚೀಲಗಳನ್ನು ಮಾಡಿ ಮಾರುತ್ತಿತ್ತು. ಕೈಚೀಲ ಎಂದರೆ ತರಕಾರಿ ಚೀಲವಲ್ಲ ಮಕ್ಕಳೇ, ಚಳಿಗೆ ಬೆರಳಿಗೆ ತೊಡುವ ಗ್ಲೌಸು. 1830ರ ದಶಕದ ಆರಂಭದಲ್ಲಿ ಲೈಪ್ಸಿಗ್ ನಗರದ ಜಾತ್ರೆಯಲ್ಲಿ ಈ ಅಣ್ಣತಂಗಿಯರು ಹಾಡಿ ಹೆಸರಾದರು. ಅದೇ ಕಣಿವೆಯ ರೈನರ್ ಕುಟುಂಬ 1839ರಲ್ಲಿ ನ್ಯೂಯಾರ್ಕಿನಲ್ಲಿ ಹಾಡಿತು. ಹೀಗೆ ಈ ಹಾಡನ್ನು ಜಗತ್ತಿಗೆ ಮುಟ್ಟಿಸಿದವರು ಮನೆಮಂದಿಯೇ ಸೇರಿ ಕಟ್ಟಿಕೊಂಡ ಹಾಡಿನ ಗುಂಪುಗಳು.

ಬಾಯಿಂದ ಬಾಯಿಗೆ ಹೋಗುವಾಗ ಕೆಲವು ಸ್ವರಗಳು ಜಾರಿ ಬೇರೆ ಕಡೆ ಕೂತವು. ಆರು ಪದ್ಯಗಳಲ್ಲಿ ಮೂರು ಬಿದ್ದುಹೋದವು. ಬರೆದವರ ಹೆಸರೂ ಕಳೆಯಿತು. ಡ್ರೆಸ್ಡನ್‌ನಲ್ಲಿ ಮೊದಲು ಅಚ್ಚಾದಾಗ ಅದು ‘ಟಿರೋಲಿನ ಹಾಡು’ ಅಷ್ಟೇ. 1854ರಲ್ಲಿ ಬರ್ಲಿನ್ನಿನ ಅರಮನೆಯ ಸಂಗೀತದವರು ಇದು ಮೈಕೇಲ್ ಹೈಡನ್ ಎಂಬ ದೊಡ್ಡ ಸಂಗೀತಗಾರನದೇ ಎಂದು ವಿಚಾರಿಸಲು ಹೊರಟರು. ಆಗ ಮುದಿಯಾಗಿದ್ದ ಗ್ರೂಬರ್ ಮೇಷ್ಟ್ರು, ‘ಅಲ್ಲ, ನಾವಿಬ್ಬರು ಮಾಡಿದ್ದು’ ಎಂದು ನಡೆದದ್ದನ್ನೆಲ್ಲ ಕಾಗದದಲ್ಲಿ ಬರೆದಿಟ್ಟರು. ಮೋರ್ ಆಗಲೇ ತೀರಿಕೊಂಡಿದ್ದ. ಅವನ ಕೈಬರಹದ ಪ್ರತಿ ಸಿಕ್ಕಿದ್ದು 1995ರಲ್ಲಿ. ಗ್ರೂಬರ್ ಕಟ್ಟಿದ ಮೊದಲ ಧಾಟಿಗೂ ನಾವು ಇವತ್ತು ಹಾಡುವುದಕ್ಕೂ ಅಲ್ಲಲ್ಲಿ ಸ್ವರದ ವ್ಯತ್ಯಾಸ ಇದೆ. ಅಂದರೆ ತಾತನ ಪುಸ್ತಕದಲ್ಲಿ ಇರುವುದೂ ಯಾರೋ ಗುಂಪು ಹಾಡಿ ಬದಲಿಸಿದ ಹಾಡೇ! ಇಂಗ್ಲಿಷ್ ಮಾತುಗಳಂತೂ ಇನ್ನೂ ಈಚಿನವು. 1859ರಲ್ಲಿ ಜಾನ್ ಫ್ರೀಮನ್ ಯಂಗ್ ಎಂಬ ಅಮೆರಿಕದ ಪಾದ್ರಿ ಮಾಡಿದ ಅನುವಾದ ಅದು.

ಹಾಡಿನೊಳಗೆ ಏನಿದೆ?

ಹಾಡಿಕೆಗಳನ್ನು ಹೋಲಿಸುವ ಮೊದಲು ಹಾಡಿನ ಎಲುಬು ಯಾವುದೆಂದು ಗೊತ್ತಿರಬೇಕು. ಸಂಗೀತ ಪಾಠಕ್ಕೆ ಹೋಗುವ ಮಕ್ಕಳಿಗೆ ಇದು ಸುಲಭ. ಹಾಡು ಶುರುವಾಗುವುದು ಪ–ದ–ಪ–ಗ ಎಂದು. ಮತ್ತೆ ಅದೇ ಪ–ದ–ಪ–ಗ. ಇರುವ ಸ್ವರಗಳೆಲ್ಲ ನಮ್ಮ ಧೀರಶಂಕರಾಭರಣದವೇ. ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷ್ ಬ್ಯಾಂಡಿನ ಧಾಟಿಗಳನ್ನು ಕೇಳಿ ಸಂಸ್ಕೃತದ ಮಾತು ಹಾಕಿ ‘ನೊಟ್ಟುಸ್ವರ’ಗಳನ್ನು ಮಾಡಿದ್ದು ಈ ಸ್ವರಗಳಲ್ಲೇ. ಬ್ರಿಟಿಷರ ರಾಷ್ಟ್ರಗೀತೆಯ ಧಾಟಿಯನ್ನೂ ಅವರು ಬಿಡಲಿಲ್ಲ. ಇನ್ನೊಬ್ಬರ ಹಾಡನ್ನು ನಮ್ಮ ಕಂಠಕ್ಕೆ ಹೊಂದಿಸಿಕೊಳ್ಳುವುದು ನಮ್ಮಲ್ಲಿ ಇನ್ನೂರು ವರ್ಷದ ಹಿಂದೆಯೇ ನಡೆದಿತ್ತು.

ಎರಡನೆಯದು ತಾಳ. ಆರು ಎಣಿಕೆ, ಮೂರು ಮೂರಾಗಿ: ತಕಿಟ ತಕಿಟ. ತೊಟ್ಟಿಲು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಹೋದ ಹಾಗೆ. ಇದು ಜೋಗುಳ. ತೂಗು ತಪ್ಪಿದರೆ ಮಗು ಎಚ್ಚರವಾಗುತ್ತದೆ.

ಮೂರನೆಯದು ಎತ್ತರ. ಶಾಂತವಾಗಿ ಶುರುವಾದ ಹಾಡು ಕೊನೆಯ ಸಾಲಿನ ಹೊತ್ತಿಗೆ ಮೇಲಿನ ಸ್ಥಾಯಿಯ ಮಧ್ಯಮಕ್ಕೆ ಏರಿ, ಅಲ್ಲಿಂದ ಇಳಿದು ಕೆಳಗಿನ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಹನ್ನೊಂದು ಸ್ವರದ ಹರವು. ಮೇಲೆ ಹೋದಾಗ ಕಿರುಚಬಾರದು, ಕೆಳಗೆ ಬಂದಾಗ ದನಿ ಮುಳುಗಬಾರದು. ಒಂದು ಗುಂಪು ಎಂಥದ್ದು ಎಂದು ತಿಳಿಯಲು ಆ ಕೊನೆಯ ಸಾಲೊಂದನ್ನು ಕೇಳಿದರೆ ಸಾಕು.

ಐದು ಗುಂಪು, ಐದು ದಾರಿ

ಈಗ ಹೋಲಿಸೋಣ. ಇವೆಲ್ಲ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಒಂದಾದ ಮೇಲೆ ಒಂದು ಕೇಳಿ.

ಮೊದಲನೆಯದು ವಿಯೆನ್ನಾ ಬಾಲಕರ ಕ್ವಾಯರ್. 1498ರಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಅರಮನೆಗೆ ಹುಡುಗರನ್ನು ಸೇರಿಸಿಕೊಂಡದ್ದರಿಂದ ಇವರ ಚರಿತ್ರೆ ಶುರು. ಹಾಡು ಹುಟ್ಟಿದ ದೇಶದವರೇ, ಹುಟ್ಟಿದ ಭಾಷೆಯಲ್ಲೇ ಹಾಡುತ್ತಾರೆ. ಎಲ್ಲರೂ ದನಿ ಒಡೆಯದ ಹುಡುಗರು. ಅವರಷ್ಟೇ ಹಾಡುವಾಗ ಬೇಸ್ ಎಂಬುದೇ ಇಲ್ಲ. ಮೇಲಿನ ದನಿ, ಅದರ ಕೆಳಗೆ ಇನ್ನೊಂದು ಎಳೆ ದನಿ. ಆದರೂ ಏನೋ ಕಡಿಮೆಯಾಗಿದೆ ಅನ್ನಿಸುವುದಿಲ್ಲ.

ಎರಡನೆಯದು ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಕ್ವಾಯರ್. 1918ರಿಂದ ಪ್ರತಿ ಕ್ರಿಸ್‌ಮಸ್ ಮುನ್ನಾದಿನ ಅಲ್ಲಿ ನಡೆಯುವ ಕ್ಯಾರಲ್ ಸೇವೆ ಜಗತ್ತಿಗೆಲ್ಲ ಹೆಸರುವಾಸಿ. ಮೇಲಿನ ಪಾರ್ಟು ಹುಡುಗರದು, ಉಳಿದ ಮೂರು ಪಾರ್ಟು ಕಾಲೇಜು ಓದುವ ದೊಡ್ಡವರದು. ತಾತನ ಪುಸ್ತಕದ ನಾಲ್ಕು ಪಾರ್ಟಿನ ಗರಡಿ ಇದೇ. ಇವರನ್ನು ಕೇಳುವಾಗ ಕಟ್ಟಡವನ್ನೂ ಕೇಳಿ. ಎತ್ತರದ ಕಲ್ಲಿನ ಛಾವಣಿಯಡಿ ಹಾಡಿದ್ದು ಕೂಡಲೇ ಸಾಯುವುದಿಲ್ಲ, ತೇಲುತ್ತ ಇರುತ್ತದೆ. ಅದಕ್ಕೇ ಅವರು ಮೆಲ್ಲಗೆ, ಬಿಡಿಸಿ ಹಾಡುತ್ತಾರೆ. ಅದೇ ನಿಧಾನವನ್ನು ಆಂಡರ್ಸನ್‌ಪೇಟೆಯ ಬೀದಿಯಲ್ಲಿ ತೆರೆದ ಆಕಾಶದ ಕೆಳಗೆ ನಿಂತು ಮಾಡಿದರೆ ಹಾಡು ಗಾಳಿಗೆ ಹೋಗುತ್ತದೆ. ಅಲ್ಲಿ ದನಿಯನ್ನು ಹಿಡಿದಿಡಲು ಕಲ್ಲಿನ ಛಾವಣಿ ಇಲ್ಲ.

ಮೂರನೆಯದು ಅಮೆರಿಕದ ಸೈಮನ್ ಮತ್ತು ಗಾರ್‌ಫಂಕಲ್ ಜೋಡಿ, 1966ರದು. ಇಬ್ಬರ ಕಂಠ, ಒಂದು ಪಿಯಾನೊ. ಹಾಡು ತಣ್ಣಗೆ ಸಾಗುತ್ತದೆ. ಹಿಂದಿನಿಂದ ಒಬ್ಬ ರೇಡಿಯೊ ವಾರ್ತೆ ಓದುತ್ತಾನೆ. ವಿಯೆಟ್ನಾಂ ಯುದ್ಧ, ಕರಿಯರ ಹಕ್ಕಿನ ಹೋರಾಟ, ಒಂದು ಸಾವು, ಒಂದು ಕೊಲೆ ಪ್ರಕರಣ. ವಾರ್ತೆಯ ದನಿ ಏರುತ್ತ ಏರುತ್ತ ಹಾಡನ್ನು ಮುಳುಗಿಸಲು ನೋಡುತ್ತದೆ. ಹಾಡುವವರು ಮಾತ್ರ ದನಿ ಎತ್ತುವುದಿಲ್ಲ. ಚಿಕ್ಕ ಮಕ್ಕಳಿಗಿಂತ ಹೈಸ್ಕೂಲಿನ ಮಕ್ಕಳಿಗೆ, ಅಪ್ಪ ಅಮ್ಮಂದಿರಿಗೆ ಇದು ಹೆಚ್ಚು ನಾಟುತ್ತದೆ. ಗಮನಿಸಿ, ಒಂದು ಸ್ವರವನ್ನೂ ಬದಲಿಸದೆ ಇವರು ಹಾಡಿನ ಅರ್ಥವನ್ನೇ ಬದಲಿಸಿದರು. ಎರಡು ಕಂಠ ಸಾಕು ಎಂಬ 1818ರ ಲೆಕ್ಕವೂ ಇಲ್ಲಿ ಸರಿಹೋಯಿತು.

ನಾಲ್ಕನೆಯದು ದಿ ಟೆಂಪ್ಟೇಷನ್ಸ್, 1980ರದು. ಡೆಟ್ರಾಯಿಟ್ ನಗರದ ಕಪ್ಪು ಗಾಯಕರ ಗುಂಪು. ಹಾಡು ಸುಮಾರು ಆರು ನಿಮಿಷ ಹರಿಯುತ್ತದೆ. ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. ಒಬ್ಬರದು ಹೆಣ್ಣುದನಿಯಷ್ಟು ಮೇಲಿನ ಕಂಠ, ಮೆಲ್ವಿನ್ ಫ್ರಾಂಕ್ಲಿನ್‌ರದು ಬಾವಿಯ ತಳದಿಂದ ಬಂದಂಥ ಬೇಸ್. ಇದ್ದ ಸ್ವರವನ್ನು ಎಳೆಯುತ್ತಾರೆ, ಬಳುಕಿಸುತ್ತಾರೆ, ಮಾತನ್ನೂ ಸೇರಿಸುತ್ತಾರೆ. ನಮ್ಮ ಗಮಕಕ್ಕೆ ಒಗ್ಗಿದ ಕಿವಿಗೆ ಇದು ಬೇಗ ಹತ್ತಿರವಾಗುತ್ತದೆ. ತೊಟ್ಟಿಲ ತೂಗು ಮಾತ್ರ ಒಮ್ಮೆಯೂ ನಿಲ್ಲುವುದಿಲ್ಲ. ಇಷ್ಟು ಸ್ವಾತಂತ್ರ್ಯ ತೆಗೆದುಕೊಂಡೂ ಹಾಡು ಉಳಿದದ್ದು ಅದರಿಂದಲೇ.

ಐದನೆಯದು ಪೆಂಟಾಟಾನಿಕ್ಸ್, 2014ರ ಆಲ್ಬಮ್‌ನಲ್ಲಿರುವುದು. ಬಂಗಾರಪೇಟೆಯ ಅಣ್ಣಂದಿರ ಮೊಬೈಲಿನಲ್ಲಿರುವುದು ಇದೇ. ಒಬ್ಬ ಹೆಣ್ಣುಮಗಳು, ನಾಲ್ವರು ಗಂಡಸರು, ವಾದ್ಯ ಒಂದೂ ಇಲ್ಲ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಹೇಗೆ ಎಂದು ಒಳಗೆ ಇಣುಕಿ ನೋಡಬೇಕು. ಆಗ ಅವರಲ್ಲಿದ್ದ ಏವಿ ಕಪ್ಲಾನ್ ಎಂಬವರ ಬೇಸ್ ತೀರ ಕೆಳಗಿನದು. ಅಂಥ ದನಿ ಬಾಯಿಯ ಹತ್ತಿರ ಮೈಕ್ ಇದ್ದರೆ ಮಾತ್ರ ದೂರಕ್ಕೆ ಮುಟ್ಟುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಮೈಕ್, ಯಾರ ದನಿ ಎಷ್ಟು ಎಂದು ಅಳೆದು ಬೆರೆಸುವ ತಂತ್ರಜ್ಞ, ಇಷ್ಟೂ ಸೇರಿ ಅವರ ವಾದ್ಯ. ಆ ಅಣ್ಣಂದಿರು ಸ್ಪೀಕರ್ ಹಾಕಿಕೊಳ್ಳುವುದು ಸೋಮಾರಿತನವಲ್ಲ, ಆ ಹಾಡಿಕೆಯ ಅಗತ್ಯ. ಮೈಕ್ ತೆಗೆದರೆ ಅದರ ಅರ್ಧ ಬಣ್ಣ ಹೋಗುತ್ತದೆ.

ಐದನ್ನೂ ಕೇಳಿದ ಮೇಲೆ ಒಂದು ಮಾತು ಕಾಣುತ್ತದೆ. ಯಾರೂ ಇನ್ನೊಬ್ಬರ ಹಾಗೆ ಹಾಡಲು ಹೋಗಿಲ್ಲ. ಹುಡುಗರಿದ್ದವರು ಹುಡುಗರ ದನಿಗೆ, ಕಲ್ಲಿನ ಛಾವಣಿ ಇದ್ದವರು ಛಾವಣಿಗೆ, ಇಬ್ಬರೇ ಇದ್ದವರು ಇಬ್ಬರಿಗೆ, ಮೈಕ್ ಇದ್ದವರು ಮೈಕಿಗೆ ಹೊಂದಿಸಿಕೊಂಡರು. ತಮ್ಮಲ್ಲಿ ಇರುವ ಗಂಟಲುಗಳನ್ನು ಎಣಿಸಿ, ಅದಕ್ಕೆ ತಕ್ಕ ಹಾಗೆ ಹಾಡು ಕಟ್ಟಿದರು. ಬಿಡದೆ ಇಟ್ಟುಕೊಂಡದ್ದು ಎರಡೇ: ಆ ಪ–ದ–ಪ–ಗ ಧಾಟಿ, ಆ ತಕಿಟದ ತೂಗು.

ಬಂಗಾರಪೇಟೆಯವರಿಗೆ ಇದನ್ನು ಪಾಠ ಹೇಳಬೇಕಾಗಿಲ್ಲ. ದೇಶಕ್ಕೆಲ್ಲ ಪಾನಿಪುರಿಯ ನೀರು ಹಸಿರು. ಬಂಗಾರಪೇಟೆಯದು ಮಾತ್ರ ತಿಳಿನೀರಿನ ಹಾಗೆ ಬಣ್ಣವೇ ಇಲ್ಲದ್ದು. ಬಾಯಿಗಿಟ್ಟರೆ ಖಾರ ನೆತ್ತಿಗೆ ಏರುತ್ತದೆ. ಅದನ್ನು ಪಾನಿಪುರಿ ಅಲ್ಲ ಎಂದು ಯಾರಾದರೂ ಅಂದಾರೆಯೇ?

ಇರುಳು ಈರುಳ್ಳಿಯಾಗಬಾರದು

ಭಾಷೆ ಬದಲಿಸಿ ಹಾಡುವಾಗ ಇನ್ನೊಂದು ಎಚ್ಚರ ಬೇಕು. ಕೆಜಿಎಫ್‌ನಂಥ ಊರಿನಲ್ಲಿ ಒಂದೇ ಧಾಟಿಗೆ ತಮಿಳು, ಕನ್ನಡ, ತೆಲುಗು, ಇಂಗ್ಲಿಷ್ ಮಾತು ಹಾಕುವುದು ಸಹಜ. ಈ ಹಾಡಿನ ಮೊದಲ ಸ್ವರ ಉದ್ದನೆಯದು. ಅಲ್ಲಿ ದೀರ್ಘಾಕ್ಷರ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಕೂತರೆ ಚೆಂದ. ಕನ್ನಡದ ‘ಇರುಳು’ ಎಂಬ ಮುದ್ದಾದ ಮಾತನ್ನು ಅಲ್ಲಿ ಕೂರಿಸಿ ನೋಡಿ. ‘ಈ…ರುಳು’ ಎಂದು ಎಳೆದ ಕೂಡಲೇ ಹಿಂದಿನ ಬೆಂಚಿನ ಹುಡುಗರು ಈರುಳ್ಳಿ ಎಂದು ನಗುತ್ತಾರೆ. ‘ರಾತ್ರಿ’ ಎಂದರೆ ತೊಂದರೆ ಇಲ್ಲ, ‘ರಾ’ ಮೊದಲೇ ದೀರ್ಘ. ತಮಿಳಿನ ‘ಇರವು’ ಪದಕ್ಕೂ ಇದೇ ಗತಿ, ‘ರಾತ್ತಿರಿ’ ಸರಿಯಾಗಿ ಕೂರುತ್ತದೆ. ತೆಲುಗಿನ ‘ರೇಯಿ’ ಸಹ ಕೂರುತ್ತದೆ. ಇಂಗ್ಲಿಷಿನಲ್ಲಿ ಸ್ವರ ಎಳೆದರೆ ಮಾತು ಕೆಡುವುದು ಕಡಿಮೆ. ನಮ್ಮ ಭಾಷೆಗಳಲ್ಲಿ ‘ಕಲ’ ಎಳೆದರೆ ‘ಕಾಲ’ ಆಗಿಬಿಡುತ್ತದೆ. ಶಾಲೆಯಲ್ಲಿ ಲಘು ಗುರು ಹಾಕುವುದು ಯಾಕೆ ಎಂದು ಗೊಣಗುವ ಮಕ್ಕಳೇ, ಉಪಯೋಗ ಇಲ್ಲಿದೆ.

ಹಾಗಾದರೆ ಈ ಡಿಸೆಂಬರಿನಲ್ಲಿ?

ಈಗ ನಿನಗೆ ಉತ್ತರ, ಪುಟ್ಟಿ. ಸರಿಯಾದ ಸೈಲೆಂಟ್ ನೈಟ್ ಎಂದು ಬೇರೆ ಎಲ್ಲೋ ಒಂದು ಇಲ್ಲ. ಆದರೆ ನಿಮ್ಮ ಗುಂಪಿಗೆ ಸರಿಯಾದದ್ದು ಒಂದು ಇದೆ. ಅದನ್ನು ನೀವೇ ಕಟ್ಟಬೇಕು.

ತಾತನ ಪುಸ್ತಕವನ್ನು ಕೈಬಿಡಬೇಡಿ. ನಾಲ್ಕು ಪಾರ್ಟು ಓದಿ ಹಾಡಿಸಬಲ್ಲವರು ಎದುರಿಗೇ ಇದ್ದಾರೆ. ಈ ವಿದ್ಯೆ ಮೊಬೈಲಿನಿಂದ ಬರುವುದಿಲ್ಲ, ಪಕ್ಕದಲ್ಲಿ ನಿಂತು ಕಲಿಯಬೇಕು. ನಿನ್ನ ಪಾರ್ಟನ್ನು ಮಾತ್ರವಲ್ಲ, ನಾಲ್ಕನ್ನೂ ತಾತನಿಂದ ಹಾಡಿಸಿ ಅದೇ ಮೊಬೈಲಿನಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿಕೊ. ರೈಲಿನಲ್ಲಿ ಹೋಗುವ ಅಪ್ಪಂದಿರಿಗೆ, ಚಿಕ್ಕಪ್ಪಂದಿರಿಗೆ ಬೇಸ್ ಪಾರ್ಟನ್ನು ಕಳಿಸು. ಬಂಗಾರಪೇಟೆಯಿಂದ ಬೆಂಗಳೂರಿನವರೆಗೆ ಕಿವಿಗೆ ಹಾಕಿಕೊಂಡು ಕೂತರೆ, ಅಥವಾ ನಿಂತರೆ, ಒಂದು ವಾರದಲ್ಲಿ ಬಾಯಿಗೆ ಬರುತ್ತದೆ. ಭಾನುವಾರ ಒಂದು ಸಲ ಸೇರಿ ಹಾಡಿದರೆ ಸಾಕು.

ಅವರು ಬಾರದ ದಿನಗಳಿಗೆ ಹೀಗೆ ಮಾಡಿ. ಮೊದಲ ಪದ್ಯವನ್ನು 1818ರ ರೀತಿ ಇಬ್ಬರೇ ಹಾಡಿ: ಕೆಳಗಿನ ದನಿ ತಾತನದು, ಮೇಲಿನದು ನಿನ್ನದು. ಗಿಟಾರ್ ಬರುವವರು ಇದ್ದರೆ ಮೀಟಲಿ. ಕೊನೆಯ ಸಾಲಿಗೆ ಉಳಿದವರೆಲ್ಲ ದನಿಗೂಡಿಸಲಿ. ತಾತ ಇದಕ್ಕೆ ಬೇಡ ಅನ್ನಲಾರರು, ಯಾಕೆಂದರೆ ಅವರ ಪುಸ್ತಕಕ್ಕಿಂತ ಹಳೆಯದು ಇದು. ಎರಡನೆಯ ಪದ್ಯ ಎಲ್ಲರೂ, ಎಷ್ಟು ಪಾರ್ಟು ಇವೆಯೋ ಅಷ್ಟರಲ್ಲಿ. ಮೂರನೆಯದಕ್ಕೆ ಬಂಗಾರಪೇಟೆಯ ಅಣ್ಣಂದಿರಿಂದ ಒಂದು ಉಪಾಯ ಸಾಲ ತನ್ನಿ: ಒಬ್ಬರು ಹಾಡಲಿ, ಉಳಿದವರು ಬಾಯಿ ಮುಚ್ಚಿ ‘ಮ್’ ಎಂದು ಸ್ವರ ಹಿಡಿಯಲಿ. ಅದಕ್ಕೆ ಸ್ಪೀಕರ್ ಬೇಡ.

ಶ್ರುತಿ ಇಡುವಾಗ ಕೊನೆಯ ಸಾಲನ್ನು ಮೊದಲು ಹಾಡಿ ನೋಡಿ. ಆ ಮೇಲಿನ ಮಧ್ಯಮ ಸಲೀಸಾಗಿ ಮುಟ್ಟಬೇಕು, ಕೊನೆಯ ಷಡ್ಜ ಕೇಳಿಸಬೇಕು. ಬೀದಿಯಲ್ಲಿ ಹಾಡುವಾಗ ಸಾಲಾಗಿ ನಿಲ್ಲಬೇಡಿ, ಅರ್ಧ ಚಂದ್ರದ ಹಾಗೆ ನಿಲ್ಲಿ. ಸಾಧ್ಯವಾದರೆ ಬೆನ್ನ ಹಿಂದೆ ಗೋಡೆ ಇರಲಿ. ಕಿಂಗ್ಸ್ ಕಾಲೇಜಿನ ಛಾವಣಿಯ ಕೆಲಸವನ್ನು ಲೈನು ಮನೆಯ ಗೋಡೆ ಸ್ವಲ್ಪ ಮಟ್ಟಿಗೆ ಮಾಡುತ್ತದೆ.

ಮನೆಯಲ್ಲಿ ಮಾಡಿ ನೋಡಿ

ಕ್ರಿಸ್‌ಮಸ್ ಆಚರಿಸದ ಮನೆಗಳಿಗೂ ಈ ಆಟ ಹೊಂದುತ್ತದೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಬರುವ ಒಂದು ಹಾಡು ಆರಿಸಿ. ಭಾವಗೀತೆಯಾಗಲಿ, ದೇವರನಾಮವಾಗಲಿ, ಅಜ್ಜಿಯ ಜೋಗುಳವಾಗಲಿ. ಅದನ್ನು ಬೇರೆ ಬೇರೆಯವರು ಹಾಡಿರುವ ಮೂರು ರೀತಿ ಹುಡುಕಿ ಕೇಳಿ. ಒಂದು ಹಾಳೆಯಲ್ಲಿ ಮೂರು ಗೆರೆ ಎಳೆದು ಬರೆಯಿರಿ: ಎಷ್ಟು ಜನ ಹಾಡಿದ್ದಾರೆ? ಮೂರರಲ್ಲೂ ಬದಲಾಗದೆ ಉಳಿದದ್ದು ಏನು? ಬದಲಾದದ್ದು ಏನು, ಯಾಕೆ ಇರಬಹುದು? ‘ಇದು ಚೆನ್ನಾಗಿದೆ, ಅದು ಚೆನ್ನಾಗಿಲ್ಲ’ ಎಂದು ಬರೆಯುವಂತಿಲ್ಲ. ಅದು ಆಟದ ನಿಯಮ.

ಆಮೇಲೆ ಮನೆಯಲ್ಲಿರುವ ಗಂಟಲುಗಳನ್ನು ಎಣಿಸಿ. ಅಪ್ಪನದು ಒಡಕು, ತಂಗಿಯದು ಕೀರಲು, ಅಜ್ಜಿಗೆ ಉಸಿರು ಸಾಲದು ಎಂದು ಯಾರನ್ನೂ ಬಿಡಬೇಡಿ. ಅಜ್ಜಿಗೆ ಪ್ರತಿ ಪದ್ಯದ ಕೊನೆಯ ಸಾಲು ಕೊಡಿ. ನಾಲ್ಕನೆಯ ರೀತಿ ನಿಮ್ಮ ಮನೆಯದೇ ಆಗಲಿ.